ಬಾಯ್ಲರ್ ಮನೆಯ ಹಿಂದಿನ ಗೋಡೆ

ಪಾಸಾದಳು! ನನ್ನ ಮೊಮ್ಮಗಳು ಅನನ್ಯ ಪಾಸಾದಳು! ಮಧ್ಯಾಹ್ನ ಫೋನು ಬಂತು. ಎತ್ತಿದರೆ ಆ ಕಡೆಯಿಂದ ಮಾತೇ ಇಲ್ಲ, ಬರೀ ಬಿಕ್ಕುವ ಸದ್ದು. ಅಯ್ಯೋ, ಮತ್ತೆ ವಾಪಸ್ಸು ಕಳಿಸಿಬಿಟ್ಟರಲ್ಲಪ್ಪ ಎಂದುಕೊಳ್ಳುವಷ್ಟರಲ್ಲಿ "ಅಜ್ಜೀ, ಖಲಾಸ್! ಪಾಸ್!" ಎಂದು ಕಿರುಚಿದಳು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮಗ ಮಹೇಶ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದ, ಸೊಸೆ ಸವಿತಾ ಕ್ಲಿನಿಕ್ಕಿಗೆ ಹೋಗಿದ್ದಳು. ಫೋನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆದು ಹೊರಗೆ ಬಂದೆ. ಲಿಫ್ಟಿನ ಹತ್ತಿರ ಫಿಲಿಪ್ಪೀನ್ಸಿನ ಹೆಂಗಸೊಬ್ಬಳು ನಿಂತಿದ್ದಳು. ಅವಳ ಎರಡೂ ಕೈ ಹಿಡಿದು "ಮೈ ಬೇಬಿ ಪಾಸು, ಪಾಸು" ಎಂದೆ. ಅವಳಿಗೆ ಏನು ಅರ್ಥವಾಯಿತೋ, ನನ್ನನ್ನು ತಬ್ಬಿಕೊಂಡು ನಿಂತಲ್ಲೇ ಕುಣಿದಳು. ನಾನೂ ಕುಣಿದೆ. ಮಂಡಿ ನೋವು ಆಮೇಲೆ ನೆನಪಾಯಿತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇವತ್ತು ಬರೆಯದೆ ಇರಲು ಆಗುತ್ತಿಲ್ಲ, ಯಾಕೆಂದರೆ ಹುಡುಗಿ ಪಾಸಾಗಿದ್ದು ನಾನು ಹುಟ್ಟಿ ಬೆಳೆದ ಮನೆಯಿಂದ. ಅವಳು ಇಲ್ಲೇ ದೋಹಾದಲ್ಲಿ ಕಟ್ಟಡ ಕಟ್ಟಿಸುವ ವಿದ್ಯೆ ಓದುತ್ತಾಳೆ. ಕೊನೆಯ ವರ್ಷದಲ್ಲಿ ಯಾವುದಾದರೂ ಹಳೆಯ ಕಟ್ಟಡ ಹಿಡಿದು, ಅದು ಹೇಗಿತ್ತು, ಅದರೊಳಗೆ ಏನೇನು ನಡೆಯುತ್ತಿತ್ತು ಎಂದು ಪೂರ್ತಿ ನಕ್ಷೆ ಬರೆಯಬೇಕಂತೆ. ಜೊತೆಯ ಹುಡುಗಿಯರು ಇಲ್ಲಿಯ ಕೋಟೆ, ಸೂಕು ಎನ್ನುವ ಹಳೇ ಪೇಟೆ, ಮಸೀದಿ ಎಂದು ಆರಿಸಿಕೊಂಡರು. ಇವಳು ಆರಿಸಿಕೊಂಡದ್ದು ಕೊಳ್ಳೇಗಾಲದ ಕಡೆಯ ಒಂದು ಮುಚ್ಚಿಹೋದ ರೇಷ್ಮೆ ಕಾರ್ಖಾನೆಯನ್ನು. ರಜೆಗೆ ಊರಿಗೆ ಹೋದಾಗ ಕಾವಲುಗಾರನನ್ನು ಕೇಳಿ ಒಳಗೆ ಹೋಗಿ ಅಂಗುಲ ಬಿಡದಂತೆ ಫೋಟೋ ತೆಗೆದುಕೊಂಡಿದ್ದಳು. ನಮ್ಮಪ್ಪ ಅಲ್ಲಿ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವರು. ನಮ್ಮವ್ವ ಅಲ್ಲಿ ಬಿಸಿನೀರಿನ ಬೋಸಿಯ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ತೆಗೆಯುತ್ತಿದ್ದವಳು.

ಆ ಕಾರ್ಖಾನೆ ನಡೆಯುತ್ತಿದ್ದುದೆಲ್ಲ ಉಗಿಯಿಂದ. ಗೂಡು ಒಣಗಿಸುವ ಕೋಣೆಗೆ ಉಗಿ, ಗೂಡು ಬೇಯಿಸುವ ತೊಟ್ಟಿಗೆ ಉಗಿ, ಬೋಸಿಗಳಿಗೆ ಉಗಿ. ಮೈತುಂಬ ಕೊಳವೆ. ಅನನ್ಯ ಮೊದಲ ಸಲ ನಕ್ಷೆ ತೋರಿಸಿದಾಗ ಅವಳ ಮೇಡಂ ಬೆರಳಿಟ್ಟು ಕೇಳಿದರಂತೆ: ಇದು ಏನು? ಇದು ಎಲ್ಲಿಗೆ ಹೋಗುತ್ತದೆ? ಇವಳಿಗೆ ಅರ್ಧಕ್ಕೆ ಉತ್ತರ ಗೊತ್ತಿಲ್ಲ. ಕಾರ್ಖಾನೆಯ ಹಳೇ ಕಾಗದ ಒಂದೂ ಉಳಿದಿಲ್ಲ. ಪ್ರತಿಯೊಂದು ಕೊಳವೆ ಯಾಕೆ ಇದೆ ಎಂದು ಹೇಳಲಾಗದಿದ್ದರೆ ಈ ಕಟ್ಟಡ ಬಿಡು, ಮುಂದಿನ ವರ್ಷ ಬೇರೆ ಆರಿಸಿಕೊಂಡು ಬಾ ಎಂದುಬಿಟ್ಟರು. ಹುಡುಗಿಗೆ ಒಂದು ವರ್ಷ ಹಾಳಾಗುತ್ತದೆ. ಅವತ್ತು ಅವಳು ಊಟ ಮಾಡಲಿಲ್ಲ. ಅದಾದ ಮೇಲೆ ಬಂದ ಶುಕ್ರವಾರ, ಮಹೇಶನಿಗೂ ರಜೆ ಇದ್ದ ದಿನ, ಲ್ಯಾಪ್‌ಟಾಪು ತಂದು ಊಟದ ಮೇಜಿನ ಮೇಲಿಟ್ಟಳು.

"ಅಜ್ಜಿ, ಇಲ್ಲಿ ಬಾ. ನೀನು ನೋಡು, ಏನು ನೆನಪು ಬರುತ್ತೆ ಎಲ್ಲ ಹೇಳು. ತಪ್ಪಾದ್ರೂ ಪರವಾಗಿಲ್ಲ."

"ಅಮ್ಮನ್ನ ಶುರು ಮಾಡಿಸ್ಬೇಡ ಕಣೇ, ಆಮೇಲೆ ನಿಲ್ಸೋ ವಾಲ್ವ್ ಇಲ್ಲ" ಅಂದ ಮಹೇಶ.

"ನೀನ್ ಸುಮ್ನೆ ಚಾ ಕುಡಿ" ಎಂದು ಹೇಳಿ ನಾನು ಕನ್ನಡಕ ಹಾಕಿಕೊಂಡೆ.

ಮೊದಲ ಫೋಟೋ ಅಪ್ಪನ ಬಾಯ್ಲರಿನದೇ. ತುಕ್ಕು ಹಿಡಿದ ಬಾಯ್ಲರಿನ ಹಣೆಯ ಮೇಲೆ, ಎರಡು ಹಿತ್ತಾಳೆ ನಲ್ಲಿಗಳ ನಡುವೆ, ನೆಟ್ಟಗೆ ನಿಂತ ಒಂದು ಗಾಜಿನ ಕೊಳವೆ. ಒಳಗೆ ನೀರು ಎಷ್ಟಿದೆ ಎಂದು ತೋರಿಸುವುದು ಅದು. ಅಪ್ಪ ನಮ್ಮ ಮುಖ ನೋಡಿದ್ದಕ್ಕಿಂತ ಆ ಗಾಜಿನ ಮುಖ ನೋಡಿದ್ದೇ ಹೆಚ್ಚು. ಮನೆಯಲ್ಲಿ ಅನ್ನದ ಮಡಕೆಯ ಮುಂದೆ ಕೂತಾಗಲೂ ಅವರ ಕಣ್ಣು ಆಗಾಗ ಮೇಲಕ್ಕೆ ಹೋಗುತ್ತಿತ್ತು, ಗೋಡೆಯಲ್ಲಿ ಗಾಜು ಇರುವ ಹಾಗೆ.

ನಮ್ಮದು ಕಾರ್ಖಾನೆಯ ಲೈನ್ ಮನೆಗಳಲ್ಲಿ ಕೊನೆಯದು. ಬಾಯ್ಲರ್ ಕೋಣೆಯ ಹಿಂದಿನ ಗೋಡೆಯೇ ನಮ್ಮ ಮನೆಯ ಮುಖ್ಯ ಗೋಡೆ. ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ, ಹೊರಗೆ ತಗಡಿನ ಬಚ್ಚಲು, ಅಷ್ಟೇ. ಚಳಿಗಾಲದಲ್ಲಿ ಆ ಗೋಡೆ ಬೆಚ್ಚಗಿರುತ್ತಿತ್ತು. ಸುಡುವಷ್ಟಲ್ಲ, ಹಸುವಿನ ಹೊಟ್ಟೆಗೆ ಬೆನ್ನು ಕೊಟ್ಟು ಕೂತ ಹಾಗೆ. ಲೈನಿನ ಬೇರೆ ಯಾವ ಮನೆಗೂ ಆ ಭಾಗ್ಯ ಇರಲಿಲ್ಲ. ನಮ್ಮವ್ವನ ದೋಸೆ ಹಿಟ್ಟು ಉಳಿದವರದ್ದಕ್ಕಿಂತ ಬೇಗ ಹುಳಿ ಬರುತ್ತಿತ್ತು, ಹುರುಳಿಕಾಳು ಬೇಗ ಮೊಳಕೆ ಒಡೆಯುತ್ತಿತ್ತು. ಒದ್ದೆ ಲಂಗ ಗೋಡೆಗೆ ಒರಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಗರಿಗರಿ. ನನ್ನ ತಮ್ಮ ನಿಂಗರಾಜನಿಗೆ ಗೂರಲು. ಚಳಿ ಶುರುವಾದರೆ ಅವನ ಎದೆಯೊಳಗೆ ಬೆಕ್ಕಿನ ಮರಿ ಇಟ್ಟ ಹಾಗೆ ಸದ್ದು. ಅವನ ಚಾಪೆ ಆ ಗೋಡೆಗೆ ತಾಗಿದಂತೆ, ಅದರ ಈಚೆಗೆ ನನ್ನದು.

ಪಕ್ಕದ ಮನೆಯ ಸಣ್ಣಮ್ಮನ ಕೋಳಿಗೂ ಆ ಗೋಡೆಯ ರುಚಿ ಗೊತ್ತಾಗಿಬಿಟ್ಟಿತು. ಬಾಗಿಲು ತೆಗೆದಿದ್ದರೆ ಸಾಕು, ಹೆಂಗಸರು ತವರಿಗೆ ಬಂದ ಹಾಗೆ ನೆಟ್ಟಗೆ ಬಂದು ನಮ್ಮ ಗೋಡೆಯ ಬುಡದಲ್ಲಿ ಕೂತು ಮೊಟ್ಟೆ ಇಟ್ಟು ಹೋಗುತ್ತಿತ್ತು. ಜಗಳ ಆಗದೆ ಇರುತ್ತದೆಯೇ?

"ನನ್ ಕೋಳಿ ನಿಮ್ಮನೇಲಿ ಮೊಟ್ಟೆ ಇಕ್ಬುಟ್ರೆ ಮೊಟ್ಟೆ ನಿಮ್ದಾಗ್ಬುಡ್ತದಾ?" ಎಂದು ಸಣ್ಣಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿನ್ ಕೋಳಿಗೆ ಬುದ್ಧಿ ಹೇಳ್ಕೊ. ದಿನಾ ಬಂದು ಬೆಚ್ಗೆ ಕೂತ್ಕಂಡು ಹೋಯ್ತದೆ, ಬಾಡ್ಗೆ ಕೊಡ್ಬೇಡ್ವಾ?" ಎಂದಳು ನಮ್ಮವ್ವ.

ಕೊನೆಗೆ ಮೊಟ್ಟೆ ನಮಗೆ, ಮರಿಯಾದರೆ ಸಣ್ಣಮ್ಮನಿಗೆ ಎಂದು ಒಪ್ಪಂದವಾಯಿತು. ಕೋಳಿ ಯಾರ ಮಾತೂ ಕೇಳದೆ ಕಾವು ಕೂತುಬಿಟ್ಟಿತು. ನಿಂಗರಾಜನ ತಲೆಯ ಹತ್ತಿರ ಕೋಳಿ, ಕಾಲ ಹತ್ತಿರ ನಾನು.

ಈ ಕತೆ ಕೇಳಿ ಅನನ್ಯ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ಆಮೇಲೆ ಮುಂದಿನ ಫೋಟೋ ತೆಗೆದಳು. ಕೊಳವೆಯ ಕೆಳಗೆ ಗುಂಡಗಿನ ಕಬ್ಬಿಣದ ಡಬ್ಬಿ.

"ಇದು ನಂಗೊತ್ತು ಮಗ. ಇದು ಹುಳ ಹಿಡಿಯೋ ಡಬ್ಬಿ."

"ಹುಳನಾ?"

"ಹೂಂ. ಗೂಡೊಳಗಿನ ಸತ್ತ ಹುಳ ನೀರಿನ ಜೊತೆ ಹೋಗ್ಬುಟ್ಟು ಕೊಳವೆ ಕಟ್ಕಬಾರ್ದು ಅಂತ. ನಮ್ಮವ್ವನೇ ಹೇಳಿದ್ಲು."

ಮಹೇಶ ಚಾ ಲೋಟ ಕೆಳಗಿಟ್ಟು ಬಗ್ಗಿ ನೋಡಿದ. ಅವನು ಕೆಲಸ ಮಾಡುವ ಕಡೆಯೂ ಉಗಿಯ ಕೊಳವೆಗಳೇ, ಮನುಷ್ಯ ಒಳಗೆ ನಡೆದು ಹೋಗುವಷ್ಟು ದಪ್ಪ.

"ಅಮ್ಮ, ಇದು ಸ್ಟೀಮ್ ಟ್ರ್ಯಾಪು. ಉಗಿ ತಣ್ಣಗಾಗಿ ನೀರಾಗುತ್ತಲ್ಲ, ಆ ನೀರನ್ನ ಮಾತ್ರ ಆಚೆ ಬಿಡುತ್ತೆ, ಉಗಿನ ಬಿಡಲ್ಲ. ನಮ್ಮಲ್ಲೂ ಇದೆ."

"ಹುಳ?"

"ಹುಳ ಮಾಫಿ!" ಎಂದು ಅಪ್ಪ ಮಗಳು ಒಟ್ಟಿಗೆ ಕೂಗಿದರು. ಮಾಫಿ ಎಂದರೆ ಇಲ್ಲಿಯವರ ಅರಬ್ಬಿಯಲ್ಲಿ ಇಲ್ಲ ಎಂದು.

ಇಷ್ಟು ವಯಸ್ಸಾಗುವವರೆಗೆ ನಂಬಿಕೊಂಡು ಬಂದಿದ್ದು ಹೋಯಿತು. ಹೋದರೆ ಹೋಗಲಿ. ಅವತ್ತಿನಿಂದ ನಾವು ಮೂವರೂ ಒಂದು ಲೆಕ್ಕಕ್ಕೆ ಬಂದೆವು. ಯಾವುದು ಎಲ್ಲಿತ್ತು ಎಂದು ನಾನು ಹೇಳುವುದು, ಅದು ಏನು ಕೆಲಸ ಮಾಡುತ್ತದೆ ಎಂದು ಮಹೇಶ ಹೇಳುವುದು, ಅನನ್ಯ ಬರೆದುಕೊಳ್ಳುವುದು. ಸೊಸೆ ಅಡುಗೆಮನೆಯಿಂದ ಬಂದು ಬಂದು ನೋಡಿ, "ಅತ್ತೆ, ನೀವು ನನಗೆ ಮದುವೆಯಾದಾಗಿಂದ ಇದರಲ್ಲಿ ಒಂದೂ ಹೇಳಿಲ್ಲ" ಎಂದು ಮುನಿಸಿಕೊಂಡಳು. ನೀನು ಕೇಳಿರಲಿಲ್ಲವಲ್ಲ ತಾಯಿ ಎಂದೆ. ಬೋಸಿಗಳ ಸಾಲು ಬಂತು. ಒಂದೊಂದಕ್ಕೂ ಒಂದೊಂದು ಪುಟ್ಟ ನಲ್ಲಿ. ನಮ್ಮವ್ವ ಯಾವುದರ ಮುಂದೆ ಕೂರುತ್ತಿದ್ದಳು ಎಂದು ತೋರಿಸಿದೆ, ಕಿಟಕಿಯ ಪಕ್ಕದ್ದು. ಇಡೀ ದಿನ ಕುದಿಯುವ ನೀರಿನಲ್ಲಿ ಬೆರಳಾಡಿಸಿ ಅವಳ ಬೆರಳ ತುದಿ ಬೆಂದ ಬದನೆಕಾಯಿಯ ಹಾಗೆ ಆಗಿರುತ್ತಿತ್ತು. ಖಾರ ಮುಟ್ಟಿದರೆ ಉರಿ. ಹಾಗಾಗಿ ನಮ್ಮ ಮನೆಯಲ್ಲಿ ಖಾರ ಅರೆಯುವುದು, ಮುದ್ದೆ ಕಟ್ಟುವುದು ಅಪ್ಪನ ಪಾಲು. ಲೈನಿನ ಗಂಡಸರು ಬಾಗಿಲಲ್ಲಿ ನಿಂತು "ಏನ್ ಮಾದಪ್ಪ, ಸೀರೆ ಯಾವಾಗ ಉಡ್ತೀಯ?" ಎಂದು ಕಿಚಾಯಿಸುತ್ತಿದ್ದರು. ಅಪ್ಪ ಕೋಲು ತಿರುವುತ್ತಲೇ "ನಿನ್ ಹೆಂಡ್ತೀದು ಒಂದು ಕಳ್ಸು, ಉಡ್ತೀನಿ" ಎನ್ನುತ್ತಿದ್ದರು.

ಅಪ್ಪ ಅವ್ವನಿಗೆ ಜಗಳ ಬೀಳುತ್ತಿದ್ದುದು ಸೋಮವಾರ ಬೆಳಗ್ಗೆ ಮಾತ್ರ. ಭಾನುವಾರ ಕಾರ್ಖಾನೆಗೆ ರಜೆ, ಬಾಯ್ಲರಿನ ಬೆಂಕಿ ಆರಿರುತ್ತಿತ್ತು. ಸೋಮವಾರ ಅದನ್ನು ಮತ್ತೆ ಹೊತ್ತಿಸುವಾಗ ಕಡ್ಡಿ ಗೀರಬಾರದು, ಮನೆಯ ಒಲೆಯ ಕೆಂಡ ತೆಗೆದುಕೊಂಡು ಹೋಗಬೇಕು ಎನ್ನುವುದು ಅಪ್ಪನ ಪದ್ಧತಿ. ಮನೆಯ ಬೆಂಕಿ ಕಂಡರೆ ಬಾಯ್ಲರು ಮನೆಯವರ ಮೇಲೆ ಸಿಟ್ಟಾಗುವುದಿಲ್ಲವಂತೆ. ಕಬ್ಬಿಣದ ಬಾಂಡಲಿ ತಂದು ಅವ್ವನ ಒಲೆಗೆ ಕೈ ಹಾಕುತ್ತಿದ್ದರು.

"ಅರ್ಧ ಬುಡಿ, ಅಂಬ್ಲಿ ಇನ್ನೂ ಕುದ್ದಿಲ್ಲ."

"ಅರ್ಧಕ್ಕೆ ಅದರ ಹೊಟ್ಟೆ ತುಂಬಲ್ಲ ಕನೆ."

"ಅದರ ಹೊಟ್ಟೆ ಚಿಂತೆ. ನನ್ ಮಕ್ಳ ಹೊಟ್ಟೆ ಚಿಂತೆ ಯಾರಿಗೂ ಇಲ್ಲ. ಹೋಗಿ, ಅದನ್ನೇ ಕಟ್ಕಳಿ!"

ಕೆಂಡ ಹೋದ ಮೇಲೆ ನಾನು ಊದುಕೊಳವೆ ಹಿಡಿದು ಕಣ್ಣಲ್ಲಿ ನೀರು ಸುರಿಸುತ್ತ ಒಲೆ ಹೊತ್ತಿಸಬೇಕು. ಅಷ್ಟರಲ್ಲಿ ಗೋಡೆಯ ಆಚೆ ದಢ್ ದಢ್ ಎಂದು ಕೊಳವೆಗಳು ಸದ್ದು ಮಾಡುತ್ತಿದ್ದವು. ತಣ್ಣಗಿನ ಕೊಳವೆಗೆ ಉಗಿ ನುಗ್ಗಿದರೆ ಹಾಗಾಗುತ್ತದೆ ಎಂದು ಮಹೇಶ ಈಗ ಹೇಳುತ್ತಾನೆ. ಆಗ ನಾವು, ದೆವ್ವ ಹಸಿದು ತಟ್ಟೆ ಬಡಿಯುತ್ತಿದೆ ಎಂದು ತಿಳಿದುಕೊಂಡಿದ್ದೆವು.

ಹೀಗೆ ಶುಕ್ರವಾರಗಳು ಕಳೆದು ನಕ್ಷೆ ತುಂಬುತ್ತ ಬಂತು. ಆದರೆ ಎರಡು ಕಡೆ ಸಿಕ್ಕಿಕೊಂಡಿತು. ಮೊದಲನೆಯದು ಬಣ್ಣ. ಕೆಲವು ವಾಲ್ವುಗಳ ಚಕ್ರದ ಮೇಲೆ ಕೆಂಪು ಬೊಟ್ಟು, ಅದರ ಸುತ್ತ ಹಳದಿ. ಇದು ಬಿಸಿ ಕೊಳವೆಯ ಗುರುತು ಇರಬೇಕು ಎಂದು ಅನನ್ಯ ಬರೆದುಕೊಂಡಿದ್ದಳು. ನನಗೆ ನಗು ಬಂತು.

"ಅಯ್ಯೋ ಕೂಸೇ, ಅದು ಅರಿಶಿನ ಕುಂಕುಮ! ಆಯುಧಪೂಜೇಲಿ ಇಡ್ತಿದ್ರು. ಎಣ್ಣೆ ಕೈ ತಾಗಿ ಅಳಿಸೋಯ್ತದೆ ಅಂತ ನಮ್ಮಪ್ಪ ಬಣ್ಣದಲ್ಲೇ ಇಟ್ಬುಟ್ಟಿದ್ರು."

"ಪೂಜೆ ಅಂದ್ರೆ ಎಲ್ಲದಕ್ಕೂ ಇಡ್ಬೇಕಲ್ವಾ ಅಜ್ಜಿ? ಇದು ಕೆಲವಕ್ಕೆ ಮಾತ್ರ ಇದೆ."

ಹುಡುಗಿ ಹೇಳಿದ್ದು ನಿಜ. ಪೂಜೆಯ ದಿನ ಕುಂಕುಮ ಎಲ್ಲಕ್ಕೂ ಬೀಳುತ್ತಿತ್ತು, ಗಾಜಿನ ಕೊಳವೆಗೂ, ಸೌದೆ ಕೊಡಲಿಗೂ. ಬಣ್ಣದ ಬೊಟ್ಟು ಮಾತ್ರ ಎಲ್ಲೆಲ್ಲೋ. ಮಹೇಶ ಫೋಟೋಗಳನ್ನು ಹಿಂದೆ ಮುಂದೆ ಮಾಡಿ ನೋಡಿ ಮೆಲ್ಲಗೆ ಕೇಳಿದ:

"ತಾತಂಗೆ ಓದೋಕೆ ಬರ್ತಿತ್ತಾಮ್ಮ?"

"ಎಲ್ಲಿ ಬರ್ತದೆ? ಹೆಬ್ಬೆಟ್ಟು."

"ವಾಲ್ವ್ ಮೇಲಿನ ತಗಡಲ್ಲೆಲ್ಲ ಇಂಗ್ಲಿಷಿದೆ. ಅದಕ್ಕೇ ಬೆಳಗ್ಗೆ ತಾನು ತೆಗೀಬೇಕಾದ್ದಕ್ಕೆಲ್ಲ ಬೊಟ್ಟು ಇಟ್ಕೊಂಡಿದ್ದಾರೆ ನೋಡು. ಬೊಟ್ಟು ಇಲ್ಲದ್ದು ಮುಟ್ಟೋ ಹಾಗಿಲ್ಲ."

ಅಂದರೆ ಅದು ಪೂಜೆಯೂ ಹೌದು, ಗುರುತೂ ಹೌದು. ಅನನ್ಯ ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ.

ಎರಡನೆಯದು ದೊಡ್ಡ ತೊಡಕು. ಒಣಗಿಸುವ ಕೋಣೆಯಿಂದ ಬಿಸಿನೀರು ಬಾಯ್ಲರಿನ ನೀರಿನ ತೊಟ್ಟಿಗೆ ವಾಪಸ್ಸು ಬರುವ ಕೊಳವೆ ಒಂದು ಕಡೆ ಎರಡಾಗಿ ಒಡೆದಿತ್ತು. ಒಂದು ನೆಟ್ಟಗೆ ತೊಟ್ಟಿಗೆ. ಇನ್ನೊಂದು ಹಿಂದಿನ ಗೋಡೆಯ ಉದ್ದಕ್ಕೂ ಸುಮ್ಮನೆ ಸುತ್ತಿಕೊಂಡು ಬಂದು ಅದೇ ತೊಟ್ಟಿಗೆ. ಯಾವ ಯಂತ್ರಕ್ಕೂ ಇಲ್ಲ, ಯಾವ ಬೋಸಿಗೂ ಇಲ್ಲ.

"ಇದು ವೇಸ್ಟ್ ಪೈಪ್" ಎಂದ ಮಹೇಶ. "ಬಿಸಿ ಎಲ್ಲ ಗೋಡೆಗೆ ಹೋಗುತ್ತೆ. ತಿಳಿದವರು ಯಾರೂ ಹೀಗೆ ಹಾಕಲ್ಲ."

"ಮೇಡಂ ಇದನ್ನೇ ಕೇಳ್ತಾರೆ, ನಂಗೊತ್ತು" ಎಂದು ಅನನ್ಯ ಉಗುರು ಕಚ್ಚಿದಳು. "ಡ್ರಾಯಿಂಗಿಂದ ತೆಗೆದುಬಿಡ್ಲಾ?"

"ತೆಗೀಬೇಡ!" ಎಂದೆ. ಧ್ವನಿ ಸ್ವಲ್ಪ ಜೋರಾಯಿತು. "ಅದು ನಮ್ಮನೆ ಗೋಡೆ. ಅದರಿಂದ್ಲೇ ನಮ್ಗೆ ಬೆಚ್ಗಿರ್ತಿತ್ತು."

ಅನನ್ಯ ನನ್ನನ್ನೇ ನೋಡಿದಳು. "ಬೇಸಿಗೇಲೂ ಬೆಚ್ಚಗೆ ಇರ್ತಿತ್ತಾ ಅಜ್ಜಿ? ಹಾಟ್ ಆಗ್ತಿರ್ಲಿಲ್ವಾ?"

"ಬೇಸ್ಗೇಲಿ ತಣ್ಗಿರ್ತಿತ್ತು. ಗೋಡೆ ಮಲ್ಗದೆ ಅಂತ ನಿಂಗರಾಜ ಹೇಳ್ತಿದ್ದ."

"ಬೇಸಿಗೇಲಿ ಬಾಯ್ಲರ್ ಆಫಾ?"

"ಇಲ್ಲಪ್ಪ, ಭಾನ್ವಾರ ಬುಟ್ರೆ ಅದಕ್ಕೆಲ್ಲಿ ರಜ. ವರ್ಷ ಪೂರ್ತಿ ಉರೀತಿತ್ತು."

ಅನನ್ಯ ಬೆರಳಿಂದ ಫೋಟೋ ದೊಡ್ಡದು ಮಾಡಿದಳು. ಕೊಳವೆ ಒಡೆಯುವ ಕಡೆ ಎರಡು ವಾಲ್ವು. ತೊಟ್ಟಿಗೆ ನೆಟ್ಟಗೆ ಹೋಗುವುದರ ಮೇಲೆ ಏನೂ ಇಲ್ಲ. ನಮ್ಮ ಗೋಡೆಯ ಕಡೆಗೆ ಹೋಗುವುದರ ಚಕ್ರದ ಮೇಲೆ, ಧೂಳಿನ ಅಡಿಯಲ್ಲಿ, ಕೆಂಪು ಬೊಟ್ಟು. ಸುತ್ತ ಹಳದಿ.

ಆ ಗೋಡೆ ತಾನಾಗಿ ಬೆಚ್ಚಗಿರುತ್ತದೆ ಎಂದೇ ನಾನು ತಿಳಿದಿದ್ದೆ. ಬಾಯ್ಲರ್ ಪಕ್ಕ ಇದ್ದರೆ ಬೆಚ್ಚಗಿರದೆ ಇನ್ನೇನು ಎಂದು. ಹಾಗಲ್ಲ, ಚಳಿಗಾಲದ ಪ್ರತಿ ಬೆಳಗ್ಗೆ ಅಪ್ಪ ಹೋಗಿ ಆ ವಾಲ್ವನ್ನು ಕೈಯಾರೆ ತೆಗೆಯುತ್ತಿದ್ದರು, ಬೇಸಿಗೆಯ ಬಿಸಿಲು ಬಲಿತಾಗ ಕೈಯಾರೆ ಮುಚ್ಚುತ್ತಿದ್ದರು. ಯಾರನ್ನು ಕೇಳಿಕೊಂಡು ಆ ಕೊಳವೆ ಹಾಕಿಸಿದರೋ, ಯಾವ ಸಾಹೇಬರು ಹೂಂ ಅಂದರೋ ಗೊತ್ತಿಲ್ಲ. ಮನೆಯಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಕ್ಕಳ ಹೊಟ್ಟೆಯ ಚಿಂತೆ ಇಲ್ಲ ಎಂದು ಅವ್ವ ಅಷ್ಟು ಬೈದಾಗಲೂ ಹೇಳಲಿಲ್ಲ. ಸಂಜೆ ಊರಿಗೆ ಫೋನು ಮಾಡಿ ನಿಂಗರಾಜನಿಗೆ ಹೇಳಿದೆ. ಅವನು ಈಗ ಮರಿಮಗುವನ್ನು ಎತ್ತಿಕೊಂಡು ಓಡಾಡುವ ಮುದುಕ.

"ಅದ್ಕೇ ಕನಕ್ಕ, ಅಪ್ಪ ಒಳೀಕೆ ಬಂದೇಟ್ಗೆ ಮೊದ್ಲು ಗೋಡೆ ಮುಟ್ಟೋರು, ಆಮೇಲೆ ನನ್ ಎದೆ ಮುಟ್ಟೋರು. ಗೋಡೆಗೂ ಜ್ವರ ನೋಡ್ತಾರೆ ಅನ್ಕಂಡಿದ್ದೆ ನಾನು" ಅಂದ.

ಅನನ್ಯ ಆ ಕೊಳವೆಯನ್ನು ಅಳಿಸಲಿಲ್ಲ. ನಕ್ಷೆಯಲ್ಲಿ ಗೋಡೆಯ ಈಚೆಗೆ ನಮ್ಮ ಮನೆಯನ್ನೂ ಬರೆದಳು. ಒಲೆ, ಚಾಪೆ, ಚಾಪೆಯ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಕೋಳಿ. ಇದು ಬೇಕಾ, ಪರೀಕ್ಷೆಯವರು ನಗುತ್ತಾರೆ ಎಂದು ಮಹೇಶ ಹೆದರಿಸಿದ. ನಗಲಿ ಬಿಡು ಎಂದಳು. ಇವತ್ತು ಬೆಳಗ್ಗೆ ಆ ದೊಡ್ಡ ಹಾಳೆಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಾಗ ಅವಳ ಕೈ ತಣ್ಣಗಿತ್ತು. ನನ್ನ ಎರಡು ಕೈಯಲ್ಲಿ ಹಿಡಿದು ಉಜ್ಜಿ ಕಳಿಸಿದೆ. ಮಧ್ಯಾಹ್ನದ ತನಕ ನಾನು ನೀರೂ ಕುಡಿಯಲಿಲ್ಲ.

ಸಂಜೆ ಮಹೇಶ ಬಸ್ಸಿಳಿದವನು ಮನೆಗೆ ಬರುವ ಮುಂಚೆ ನಮ್ಮ ಬಡಾವಣೆ ಅಲ್ ಸದ್ದ್‌ನ ಹೋಟೆಲಿಗೆ ಹೋಗಿ, ಎರಡು ಕೈಯಲ್ಲಿ ಹಿಡಿಯಲಾಗದಷ್ಟು ದೊಡ್ಡ ತಟ್ಟೆಯಲ್ಲಿ ಮಂದಿ ಎನ್ನುವ ಅರಬ್ಬಿ ಅನ್ನ, ಮೇಲೆ ಕುರಿಮಾಂಸ ಹಾಕಿಸಿಕೊಂಡು ಬಂದ. ಸೊಸೆ ಹಾಲಿನಲ್ಲಿ ಪ್ಲಾಸ್ಟಿಕ್ ಹಾಸಿದಳು. ಇಲ್ಲಿಯವರ ಹಾಗೆ ಎಲ್ಲರೂ ಒಂದೇ ತಟ್ಟೆಯ ಸುತ್ತ ನೆಲದ ಮೇಲೆ ಕೂತೆವು. ನನ್ನ ಮಂಡಿಗೆ ಎರಡು ದಿಂಬು.

"ಯಲ್ಲಾ, ಬೇಗ ಹೇಳು ಈಗ" ಎಂದ ಮಹೇಶ. "ಆ ಪೈಪು ಕೇಳಿದ್ರಾ?"

"ಫಸ್ಟ್ ಅದನ್ನೇ ಕೇಳಿದ್ರು!" ಅನನ್ಯಳ ಬಾಯಿತುಂಬ ಅನ್ನ. "ಈ ಲೈನ್ ಸುಮ್ನೆ ಹೀಟ್ ವೇಸ್ಟ್ ಮಾಡುತ್ತಲ್ಲ ಅಂದ್ರು. ನಾನು ಹೇಳ್ದೆ, ವೇಸ್ಟ್ ಅಲ್ಲ, ಈ ಬಿಲ್ಡಿಂಗಲ್ಲಿ ಮನುಷ್ಯರಿಗೆ ಅಂತ ಇರೋ ಹೀಟಿಂಗ್ ಇದೊಂದೇ. ಉಳಿದಿದ್ದೆಲ್ಲ ಹುಳಕ್ಕೆ. ಮೇಡಂ ಆ ಮನೆ ಡ್ರಾಯಿಂಗ್ ನೋಡ್ತಾನೇ ಇದ್ರು ಅಜ್ಜಿ. ಈ ಹುಡುಗಿ ಯಾರು ಅಂದ್ರು. ನನ್ ಜೊತೆ ಅಲ್ ಸದ್ದಲ್ಲಿ ಇರ್ತಾಳೆ ಅಂದೆ."

ಸೊಸೆ ಕಣ್ಣೊರೆಸಿಕೊಂಡಳು, ನಗುತ್ತಲೇ. ನಾನು ಒಂದು ತುತ್ತು ಕಟ್ಟಿ ಅನನ್ಯಳ ಬಾಯಿಗೆ ಇಟ್ಟೆ. ಮಹೇಶ ಮೂಳೆ ಬಿಡಿಸುತ್ತ ತಲೆ ಎತ್ತಿ, ಏನೋ ಈಗ ತಾನೇ ಹೊಳೆದವನಂತೆ ಕೇಳಿದ:

"ಅಮ್ಮ, ಊಟಕ್ಕೆ ತಾತ ಎಲ್ಲಿ ಕೂರ್ತಿದ್ರು? ಗೋಡೆ ಪಕ್ಕನಾ?"

ನಾನು ಕಣ್ಣು ಮುಚ್ಚಿ ನೋಡಿದೆ. ಗೋಡೆಗೆ ಒರಗಿ ನಿಂಗರಾಜ, ಅವನ ಪಕ್ಕ ನಾನು, ಒಲೆಯ ಕಡೆ ಅವ್ವ.

"ಬಾಗ್ಲ ಹತ್ರ" ಎಂದೆ. "ಚಳಿಗಾಳಿ ಬರೋ ಕಡೆ."

ಮಹೇಶ ತಾನು ಬಿಡಿಸಿದ ಮಾಂಸವನ್ನೆಲ್ಲ ನನ್ನ ಪಾಲಿನ ಅನ್ನದ ಮೇಲೆ ತಳ್ಳಿದ. ಅದರಲ್ಲಿ ಅರ್ಧ ನಾನು ಅನನ್ಯಳ ಕಡೆಗೆ ತಳ್ಳಿದೆ. ಅವಳು ಅಮ್ಮನ ಕಡೆಗೆ ತಳ್ಳಿದಳು. ತಟ್ಟೆಯಲ್ಲಿ ನಾಲ್ವರ ಕೈಗಳು ಒಂದಕ್ಕೊಂದು ತಾಗುತ್ತಿದ್ದವು, ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು, ನಾವು ಉಣ್ಣುತ್ತಲೇ ಇದ್ದೆವು.